1700 ಎಂದಿದ್ದರೂ ಎಲ್ಲವೂ 1700ರದ್ದಲ್ಲ: ನ್ಯೂರೆಂಬರ್ಗ್‌ನ ಕುರಿಮರಿ ಡುಕಾಟ್

ಹಳೇ ನಾಣ್ಯಗಳ ಹರಾಜು ನೋಡುವವರಿಗೆ ಈ ಕುರಿಮರಿ ಪರಿಚಿತ. ಭೂಗೋಳದ ಮೇಲೆ ನಿಂತಿದೆ, ಜೊತೆಗೊಂದು ಬಾವುಟ, ಅದರ ಮೇಲೆ ‘ಪಾಕ್ಸ್’, ಅಂದರೆ ಶಾಂತಿ. ಜರ್ಮನಿಯ ನ್ಯೂರೆಂಬರ್ಗ್ ನಗರದ ಚಿನ್ನದ ಡುಕಾಟ್ ಇದು, ಇಸವಿ 1700. ಪಕ್ಕದಲ್ಲಿ ‘ಅಪರೂಪ’ ಎಂದು ಬರೆದಿರುತ್ತದೆ. ಅಪರೂಪದ್ದು ಇಷ್ಟು ಸಲ ಮಾರಾಟಕ್ಕೆ ಬರೋದು ಹೇಗೆ?

ಸ್ವಲ್ಪ ಹಿಂದಕ್ಕೆ ಹೋಗಬೇಕು. 1252ರಲ್ಲಿ ಫ್ಲಾರೆನ್ಸ್ ಫ್ಲೋರಿನ್ ಎಂಬ ನಾಣ್ಯ ತಂದಿತು, 1284ರಲ್ಲಿ ವೆನಿಸ್ ಡುಕಾಟ್ ತಂದಿತು. ಎರಡೂ ಸುಮಾರು 3.5 ಗ್ರಾಂ, ಹೆಚ್ಚುಕಮ್ಮಿ ಅಪ್ಪಟ ಚಿನ್ನ. ವೆನಿಸ್‌ನ ನಾಣ್ಯ ವ್ಯಾಪಾರದ ದಾರಿಯಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಬಂತು. 1559ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಹೊರಟ ಕಾನೂನು ಡುಕಾಟನ್ನು ಇಡೀ ಜರ್ಮನ್ ಸಾಮ್ರಾಜ್ಯದ ನಾಣ್ಯ ಮಾಡಿತು. ಟಂಕಿಸುವ ಹಕ್ಕಿದ್ದ ನಗರಗಳೂ ಅದೇ ತೂಕಕ್ಕೆ ಅಚ್ಚು ಹಾಕಿದವು. ಹ್ಯಾಂಬರ್ಗ್ ಅಂತೂ ಪೋರ್ಚುಗಲ್‌ನ ದೊಡ್ಡ ನಾಣ್ಯ ನೋಡಿ, ಹತ್ತು ಡುಕಾಟ್ ತೂಕದ ‘ಪೋರ್ಟುಗಲೋಸರ್’ ಮಾಡಿತು. ಮುಂದೆ ಅದು ಉಡುಗೊರೆ ಕೊಡುವ ಪದಕವೇ ಆಗಿಹೋಯಿತು.

ಜರ್ಮನ್ ನಾಡುಗಳಲ್ಲಿ ನಡೆದ ಮೂವತ್ತು ವರ್ಷದ ಯುದ್ಧ 1648ರಲ್ಲಿ ಮುಗಿಯಿತು. ಶಾಂತಿಯ ಆಸೆ ನಾಣ್ಯಗಳ ಮೇಲೂ ಬಂತು.

ಹೊಸ ಶತಮಾನದ ನೆಪದಲ್ಲಿ ನ್ಯೂರೆಂಬರ್ಗ್ ಹೊರಡಿಸಿದ ಕುರಿಮರಿಯ ಅಂಚಿನಲ್ಲಿ ಲ್ಯಾಟಿನ್ ಪ್ರಾರ್ಥನೆಯಿದೆ: ತಂದೆಯೇ, ನಮ್ಮ ಕಾಲಕ್ಕೆ ಶಾಂತಿಯ ಕಿರೀಟ ತೊಡಿಸು. ಗುಂಡಗಿನದೂ ಉಂಟು, ಚೌಕದ್ದೂ ಉಂಟು. ಎರಡು, ಮೂರು ಡುಕಾಟಿನಿಂದ ಹಿಡಿದು ಅರ್ಧ, ಕಾಲು, ಹೀಗೆ ಇಳಿಯುತ್ತಾ ಡುಕಾಟಿನ 32ನೇ ಒಂದು ಭಾಗದವರೆಗೆ. ಆ ಕೊನೆಯದರ ತೂಕ ಸುಮಾರು 0.11 ಗ್ರಾಂ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಲಗಂಜಿ! ಇದನ್ನಿಟ್ಟುಕೊಂಡು ಸಂತೆಯಲ್ಲಿ ಯಾರು ಏನು ಕೊಳ್ಳುತ್ತಾರೆ? ಕೊಡುಗೆಗೆ, ಕಾಪಿಡೋಕೆ ಮಾಡಿದ್ದು, ಅಷ್ಟೇ.

ಬೇಡಿಕೆ ನಿಲ್ಲಲಿಲ್ಲ. ಟಂಕಸಾಲೆಯೂ ನಿಲ್ಲಿಸಲಿಲ್ಲ, ಇಸವಿಯನ್ನೂ ಬದಲಿಸಲಿಲ್ಲ. ವ್ಯತ್ಯಾಸ ಗೊತ್ತಾಗೋದು ಚಿಕ್ಕ ಅಕ್ಷರಗಳಿಂದ. ‘ಜಿಎಫ್‌ಎನ್’ ಅಂದರೆ ಗೇಯೋರ್ಗ್ ಫ್ರೀಡ್ರಿಖ್ ನ್ಯೂರ್ನ್‌ಬರ್ಗರ್, 1700ರ ಆಸುಪಾಸಿನ ಟಂಕಸಾಲೆಯ ಮುಖ್ಯಸ್ಥ. ‘ಐಎಂಎಫ್’ ಅಂತಿದ್ದರೆ (ಸಾಲ ಕೊಡುವ ಆ ಸಂಸ್ಥೆ ಅಲ್ಲ!) ಯೋಹಾನ್ ಮಾರ್ಟಿನ್ ಫೋರ್ಸ್ಟರ್, ಮುಂದಿನ ಕಾಲದ ಟಂಕಸಾಲೆಯ ಮುಖ್ಯಸ್ಥ. ಅಂದರೆ ನಾಣ್ಯ 1750ರ ನಂತರದ್ದು. ಎರಡರ ಮೇಲೂ ಇರೋದು 1700 ಮಾತ್ರ.

ಇದನ್ನು ಮೋಸ ಅನ್ನೋದು ಕಷ್ಟ. ಚಿನ್ನ ಸಾಚಾ, ಟಂಕಸಾಲೆಯೂ ಅದೇ. ಆದರೆ ‘1700ರ ನಾಣ್ಯ’ ಎಂದು ಸುಮ್ನೆ ಬರೆದುಬಿಟ್ಟರೆ ಕೊಳ್ಳುವವರಿಗೆ ಅರ್ಧ ವಿಷಯ ತಿಳಿದಂತಾಯಿತು, ಅಲ್ವಾ?

1806ರಲ್ಲಿ ನ್ಯೂರೆಂಬರ್ಗ್ ಬವೇರಿಯಾದ ಪಾಲಾಯಿತು. ಹ್ಯಾಂಬರ್ಗ್ 1872ರವರೆಗೂ ಡುಕಾಟ್ ಹೊಡೆಯಿತು. ಕುರಿಮರಿಗಳಲ್ಲಿ ಎಷ್ಟೋ ಪದಕಗಳಾಗಿ ಕೊರಳಿಗೇರಿದವು, ಅಂಚಿನ ಬೆಸುಗೆ ಗುರುತು ಇನ್ನೂ ಕಾಣುತ್ತದೆ. ಮಾರಾಟದ ಪಟ್ಟಿಗಳಲ್ಲಿ ಆ ಗುರುತಿನ ಮಾತು ಸಾಮಾನ್ಯವಾಗಿ ಇರುತ್ತದೆ, ಬೆಲೆಯೂ ಇಳಿಯುತ್ತದೆ. ಟಂಕಸಾಲೆಯ ಮೂರು ಅಕ್ಷರಗಳ ಮಾತು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಕೊಳ್ಳುವವರೇ ಭೂತಗನ್ನಡಿ ಹಿಡಿದು ಹುಡುಕಬೇಕಾಗುತ್ತದೆ.