ಮಗುವಿಗೆ ವಾಂತಿ-ಭೇದಿ: ಯಾವ ವೈರಸ್ ಅಂತ ಟೆಸ್ಟ್ ಮಾಡಿಸಬೇಡವೇ?

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ಎರಡು ದಿನದಿಂದ ವಾಂತಿ, ನೀರಿನಂಥ ಭೇದಿ. ಡಾಕ್ಟರು ನೋಡಿ ‘ವೈರಲ್ ಇನ್‌ಫೆಕ್ಷನ್’ ಅಂದರು. ಓಆರ್‌ಎಸ್, ಜಿಂಕ್ ಕೊಟ್ಟು ಕಳಿಸಿದರು. ಹೋದ ಸಲ ನೆಗಡಿ, ಕೆಮ್ಮು ಬಂದಾಗಲೂ ಹೀಗೇ ಆಯಿತು, ಟೆಸ್ಟ್ ಬರೆಯಲೇ ಇಲ್ಲ. ಯಾವ ವೈರಸ್ ಅಂತ ಗೊತ್ತಿಲ್ಲದೆ ಚಿಕಿತ್ಸೆ ಕೊಡುವುದು ಸರಿಯೇ?

ಉತ್ತರ: ಮಗು ಸೊರಗಿ ಮಲಗಿರುವಾಗ ಕಾಯಿಲೆಗೊಂದು ಹೆಸರು ಬೇಕು ಅನ್ನಿಸುವುದು ಸಹಜ. ಆದರೂ ನಿಮ್ಮ ಡಾಕ್ಟರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ರೋಟಾ ಇರಲಿ, ನೋರೋ ಇರಲಿ, ಅಡೆನೋ ಇರಲಿ, ಸಾಮಾನ್ಯವಾಗಿ ಮಗುವಿಗೆ ಬೇಕಾದದ್ದು ಕಳೆದುಕೊಂಡ ನೀರು ಮತ್ತು ಲವಣ. ಈ ವೈರಸ್‌ಗಳನ್ನು ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ, ಆಂಟಿಬಯಾಟಿಕ್‌ಗೆ ಅವು ಜಗ್ಗುವುದೂ ಇಲ್ಲ. ರಿಪೋರ್ಟ್‌ನಲ್ಲಿ ಯಾವ ಹೆಸರು ಬಂದರೂ ನಾಳೆ ಬೆಳಿಗ್ಗೆ ನೀವು ಕುಡಿಸುವುದು ಅದೇ ಓಆರ್‌ಎಸ್.

ಹಾಗಂತ ವೈರಸ್ ಪತ್ತೆ ಸಣ್ಣ ವಿಷಯವಲ್ಲ. 1970ರ ದಶಕದ ಆರಂಭದವರೆಗೂ ಬಹುಪಾಲು ಮಕ್ಕಳ ಭೇದಿಗೆ ಕಾರಣವೇ ಗೊತ್ತಿರಲಿಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ಕಪಿಕಿಯನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಂದು ನೋರೋ ಅನ್ನುವ ವೈರಸ್ ಕಂಡರು. ಮರುವರ್ಷ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಸಣ್ಣ ಕರುಳಿನ ಚೂರುಗಳಲ್ಲಿ ಇನ್ನೊಂದನ್ನು ಕಂಡರು. ಚಕ್ರದಂತೆ ಕಂಡಿದ್ದರಿಂದ ಅದಕ್ಕೆ ರೋಟಾ ಅಂತ ಹೆಸರಾಯಿತು. ಇಂದು ಕೂಸುಗಳ ಬಾಯಿಗೆ ಹಾಕುವ ರೋಟಾ ಲಸಿಕೆ ಆ ನೋಟದಿಂದಲೇ ಹುಟ್ಟಿದ್ದು.

ಈಗ ಕೆಲಸ ಸುಲಭವಾಗಿದೆ. ರೋಟಾ ತಗುಲಿದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಹೆಚ್ಚು ವೈರಸ್ ಕಣಗಳಿರಬಹುದು. ಆದ್ದರಿಂದ ಪಟ್ಟಿಯ ಮೇಲೆ ಗೆರೆ ಮೂಡುವ ಆಂಟಿಜೆನ್ ಕಿಟ್‌ಗೂ ಅದು ಸಿಗುತ್ತದೆ. ನೋರೋಗೆ ಆ ಕಿಟ್ ಅಷ್ಟು ನಂಬಿಕೆಯದಲ್ಲ, ಪಿಸಿಆರ್ ಬೇಕು. ಪಿಸಿಆರ್ ವೈರಸ್ಸಿನ ಆನುವಂಶಿಕ ತುಣುಕನ್ನು ಪ್ರತಿ ಸುತ್ತಿನಲ್ಲೂ ಇಮ್ಮಡಿ ಮಾಡುತ್ತ ಹೋಗುತ್ತದೆ. ಲೆಕ್ಕದ ಪ್ರಕಾರ ಒಂದೇ ತುಣುಕು 30 ಸುತ್ತಿಗೆ ನೂರು ಕೋಟಿ ದಾಟುತ್ತದೆ.

ತೊಡಕು ಇರುವುದೂ ಇಲ್ಲೇ. ಇಷ್ಟು ಸೂಕ್ಷ್ಮವಾದ ಪರೀಕ್ಷೆಗೆ ಹಳೆಯದು, ಹೊಸದು, ಸತ್ತದ್ದು, ಬದುಕಿರುವುದು ಎಲ್ಲ ಒಂದೇ. ಭೇದಿ ನಿಂತ ಮೇಲೂ ವಾರಗಟ್ಟಲೆ ನೋರೋ ಮಲದಲ್ಲಿ ಹೋಗುತ್ತಿರುತ್ತದೆ. ನೆಗಡಿ ತರುವ ರೈನೋ ವೈರಸ್ ಆಡಿಕೊಂಡಿರುವ ಮಕ್ಕಳ ಮೂಗಿನಲ್ಲೂ ಸಿಗುತ್ತದೆ. ಮೊನ್ನೆ ಹಾಕಿಸಿದ ರೋಟಾ ಲಸಿಕೆಯ ವೈರಸ್ಸೇ ಮಲದಲ್ಲಿ ಪಾಸಿಟಿವ್ ತೋರಿಸಬಹುದು. ಒಂದೇ ಸ್ವ್ಯಾಬ್‌ನಲ್ಲಿ ಹತ್ತಾರು ವೈರಸ್ ಹುಡುಕುವ ಪ್ಯಾನೆಲ್ ಮಾಡಿಸಿದರೆ ಎರಡು ಮೂರು ಹೆಸರು ಒಟ್ಟಿಗೆ ಬರುವುದುಂಟು. ಈ ಜ್ವರಕ್ಕೆ ಯಾವುದು ಕಾರಣ ಅನ್ನುವುದನ್ನು ಯಂತ್ರ ಹೇಳುವುದಿಲ್ಲ, ಮಗುವನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು.

ಹಾಗಾದರೆ ಯಾವಾಗ ಬೇಕು? ಉತ್ತರ ತಿಳಿದರೆ ಮುಂದಿನ ಹೆಜ್ಜೆ ಬದಲಾಗುತ್ತದೆ ಅನ್ನುವಾಗ. ಮೂರು ತಿಂಗಳು ತುಂಬದ ಕೂಸಿಗೆ ಜ್ವರ, ರೋಗನಿರೋಧಕ ಶಕ್ತಿ ಕುಗ್ಗಿದ ಮಗು, ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ, ಮಲದಲ್ಲಿ ರಕ್ತ, ಎರಡು ವಾರ ಕಳೆದರೂ ನಿಲ್ಲದ ಭೇದಿ. ರಕ್ತವಿದ್ದರೆ ಹುಡುಕುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಉಸಿರಾಟದ ಕಡೆ ಫ್ಲೂ ವಿಷಯ ಬೇರೆ. ಅದಕ್ಕೆ ಓಸೆಲ್ಟಾಮಿವಿರ್ ಅನ್ನುವ ವೈರಸ್ ತಡೆಯುವ ಔಷಧಿ ಇದೆ, 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ. ಕೂಸುಗಳ ಉಸಿರಾಟಕ್ಕೆ ತೊಂದರೆ ಕೊಡುವ ಆರ್‌ಎಸ್‌ವಿ ಅನ್ನುವ ವೈರಸ್‌ಗೆ ಅಂಥ ಔಷಧಿ ಇಲ್ಲ, ಆದರೆ ವಾರ್ಡಿನಲ್ಲಿ ಆ ಮಗುವನ್ನು ಉಳಿದ ಕೂಸುಗಳಿಂದ ದೂರ ಇಡಲು ಹೆಸರು ತಿಳಿದಿರಬೇಕು. ಶಿಶುವಿಹಾರದಲ್ಲಿ ಹಲವು ಮಕ್ಕಳು ಒಟ್ಟಿಗೆ ಕಾಯಿಲೆ ಬಿದ್ದಾಗಲೂ ಅಷ್ಟೇ.

ಟೆಸ್ಟ್ ಬರೆದರೆ ಸ್ಯಾಂಪಲ್ ಕಡೆ ಗಮನ ಕೊಡಿ, ದಯವಿಟ್ಟು. ಎಷ್ಟೋ ರಿಪೋರ್ಟ್ ಕೆಡುವುದು ಅಲ್ಲೇ. ನೀರಿನಂಥ ಮಲವನ್ನು ಡೈಪರ್ ಪೂರ್ತಿ ಹೀರಿಕೊಂಡುಬಿಡುತ್ತದೆ, ಕೆರೆದರೆ ಬರುವುದು ಬರೀ ಜೆಲ್. ಡೈಪರ್ ಒಳಗೆ ಶುಭ್ರವಾದ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮೂತ್ರ ಬೆರೆಯದಂತೆ ನೋಡಿಕೊಂಡು, ಚಮಚದಿಂದ ಡಬ್ಬಿಗೆ ತೆಗೆಯಿರಿ. ಕೂಡಲೇ ಕೊಡಲಾಗದಿದ್ದರೆ ಲ್ಯಾಬಿನವರನ್ನು ಕೇಳಿ ತಣ್ಣಗಿಡಿ. ಮೊದಲ ಎರಡು ಮೂರು ದಿನದ ಮಲವೇ ಒಳ್ಳೆಯದು. ಮೂಗಿನ ಹಿಂಭಾಗದ ಸ್ವ್ಯಾಬ್ ತೆಗೆಯುವಾಗ ಕಡ್ಡಿ ಮೇಲಕ್ಕಲ್ಲ, ಅಂಗುಳಿಗೆ ಸಮನಾಗಿ ನೇರ ಹಿಂದಕ್ಕೆ ಹೋಗಬೇಕು. ಮಗು ಚೀರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ತಲೆಯನ್ನು ಎದೆಗೆ ಒತ್ತಿ ಹಿಡಿಯಿರಿ, ಕೆಲವೇ ಸೆಕೆಂಡಿನ ಕೆಲಸ. ಮಗು ಕೊಸರಿದಾಗ ಹೆದರಿ ಮೂಗಿನ ತುದಿಯಲ್ಲೇ ಸವರಿ ತೆಗೆದರೆ, ಆಮೇಲೆ ಬರುವ ‘ನೆಗೆಟಿವ್’ ನಂಬುವಂತಿಲ್ಲ.

ಸದ್ಯಕ್ಕೆ ನಿಮ್ಮ ಮಗಳ ವಿಷಯದಲ್ಲಿ ಲೆಕ್ಕ ಇಡಬೇಕಾದದ್ದು ಮೂತ್ರ. ಆರೆಂಟು ಗಂಟೆ ಡೈಪರ್ ಒಣಗೇ ಇದ್ದರೆ, ಅತ್ತಾಗ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದರೆ, ಕರೆದರೆ ಮಂಕಾಗಿ ನೋಡಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಕೆಮ್ಮು ನೆಗಡಿಯಲ್ಲಾದರೆ ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದೆಯೇ ಅಂತ ಅಂಗಿ ತೆಗೆದು ನೋಡಿ. ಡೈಪರ್ ಬದಲಿಸಿದ ಮೇಲೆ ಕೈಗೆ ಸೋಪು, ನೀರು ಬೇಕೇ ಬೇಕು. ಸ್ಯಾನಿಟೈಸರ್‌ಗೆ ನೋರೋ ಸುಲಭವಾಗಿ ಬಗ್ಗುವುದಿಲ್ಲ.