ಬೆಲೆ ಇಳಿದ ಗಾಡಿ, ಇಳಿಯದ ಖರ್ಚು

‘ಹೊಸ ಇನ್ನೋವಾ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಲ್ಯಾಂಡ್ ರೋವರ್ ಡಿಸ್ಕವರಿ 4 ಸಿಗ್ತಿದೆ, ತಗೊಳ್ಲಾ ಸಾರ್?’ ಎಂದು ಕೇಳುವವರಿಗೆ ನಾನು ಬೇಡ ಅನ್ನುವುದಿಲ್ಲ. ಏಳು ಜನ ಕೂತು ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಬೆನ್ನು ನೋಯಿಸಿಕೊಳ್ಳದೆ ಹೋಗಿಬರಲು ಇದಕ್ಕಿಂತ ಒಳ್ಳೆಯ ಗಾಡಿ ಅಪರೂಪ. ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಬಿಡಿಭಾಗದ ಬಿಲ್ಲು ಇವತ್ತಿನ ದರದಲ್ಲೇ ಬರುತ್ತದೆ.

ತೀರಾ ಅಗ್ಗವೆಂದರೆ ಬಹುಪಾಲು ದೆಹಲಿ ಗಾಡಿ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಾರಿ ಹಿಂದೆ ಮುಂದೆ ಆಗುತ್ತಿದ್ದರೂ ದರದ ಮೇಲಿನ ಪೆಟ್ಟು ಹೋಗಿಲ್ಲ. ಅಂಥದ್ದನ್ನು ಇಲ್ಲಿಗೆ ತಂದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಕೆಎ ನಂಬರ್, ಲೈಫ್‌ಟೈಮ್ ಟ್ಯಾಕ್ಸ್ ಎಲ್ಲ ಆಗಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಕರ್ನಾಟಕದಲ್ಲಿ ಶೇ 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ದುಡ್ಡಿನಿಂದಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯಿಂದ. ಬ್ರೋಕರ್ ಇದನ್ನು ಅಡ್ವಾನ್ಸ್ ಕೈಗೆ ಬಂದ ಮೇಲೆ ಹೇಳುತ್ತಾನೆ.

ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ, ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿರಿ. ಇದರಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ರಾತ್ರಿಯಿಡೀ ನಿಂತ ಗಾಡಿಯ ಒಂದು ಮೂಲೆ ತಗ್ಗಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಸೋರಿಕೆಯನ್ನು ತುಂಬಿಸಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬಿಸಿಯಾಗಿ ಕೊನೆಗೆ ಅದೇ ಸುಟ್ಟುಹೋಗುತ್ತದೆ. ಬರೀ ಕಂಪ್ರೆಸರ್ ಬದಲಿಸಿ ಚೀಲ ಹಾಗೇ ಬಿಟ್ಟವರು ಹೊಸ ಕಂಪ್ರೆಸರನ್ನೂ ಸುಡುತ್ತಾರೆ. ಸ್ಟಾರ್ಟ್ ಆದ ಮೇಲೆ ಗಾಡಿಯನ್ನು ಆಫ್‌ರೋಡ್ ಎತ್ತರಕ್ಕೆ ಏರಿಸಿ, ಇಳಿಸಿ, ಮತ್ತೆ ಏರಿಸಿ. ಏದುಸಿರು ಬಿಟ್ಟಂತೆ ನಿಧಾನವಾಗಿ ಎದ್ದರೆ ಆ ರಿಪೇರಿಯನ್ನು ಬೆಲೆಯಲ್ಲಿ ಕಳೆಯಿರಿ. ಪರದೆಯಲ್ಲಿ ಸಸ್ಪೆನ್ಷನ್ ಫಾಲ್ಟ್ ಕಂಡ ತಕ್ಷಣ ಗಾಬರಿಯಾಗಬೇಕಿಲ್ಲ, ಬ್ಯಾಟರಿ ಸೊರಗಿದ್ದರೂ ಇಂಥ ಸುಳ್ಳು ಎಚ್ಚರಿಕೆಗಳು ಬರುತ್ತವೆ.

ನನಗೆ ನಿಜವಾದ ಭಯ ಎಂಜಿನ್ನಿನದು. 3.0 ಲೀಟರ್ ವಿ6 ಡೀಸೆಲ್‌ನಲ್ಲಿ ಬೇರಿಂಗ್ ಜಾರಿ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್ ತುಂಡಾಗುವುದು ಲೋಕಕ್ಕೆಲ್ಲ ಗೊತ್ತಿರುವ ಕಾಯಿಲೆ. ಎಲ್ಲ ಗಾಡಿಗೂ ಬರುವುದಿಲ್ಲ, ಆದರೆ ಬಂದರೆ ಎಂಜಿನ್ನೇ ಹೋಯಿತು, ಮುನ್ಸೂಚನೆಯೂ ಕಡಿಮೆ. ಹಾಗಾಗಿ ನಾನು ಮೀಟರಿಗಿಂತ ಆಯಿಲ್ ಬದಲಿಸಿದ ಬಿಲ್ಲುಗಳನ್ನು ನಂಬುತ್ತೇನೆ. ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಆಯಿಲ್ ಬದಲಿಸಿದ ಮಾಲೀಕ ಸಿಕ್ಕರೆ ಹೆಚ್ಚು ಚೌಕಾಸಿ ಬೇಡ. ಮಾರುವವನು ಒಪ್ಪಿದರೆ ಹಳೆಯ ಆಯಿಲ್ ಫಿಲ್ಟರನ್ನು ಕೊಯ್ದು ನೋಡಿ. ಮಡಿಕೆಗಳಲ್ಲಿ ಲೋಹದ ಹೊಳಪು ಕಂಡರೆ ಟೀ ಕುಡಿದು, ಗಾಡಿ ಬಿಟ್ಟು ಮನೆಗೆ ವಾಪಸ್ ಬನ್ನಿ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಭಾಗಗಳನ್ನು ಹೊಂದಿಸಿ ತಿರುಗಿಸುವ ಪಟ್ಟಿ) ಮುಂದೆ ಮಾತ್ರವಲ್ಲ, ಫ್ಯೂಯಲ್ ಪಂಪ್ ತಿರುಗಿಸಲು ಹಿಂದೆಯೂ ಒಂದಿದೆ. ಅದನ್ನು ಬದಲಿಸಿದ ಬಿಲ್ಲು ಕೇಳಿ, ಅನೇಕರು ಮರೆತಿರುತ್ತಾರೆ.

ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೋದ ಕೆಲಸಕ್ಕೆ ಜಾಗ ಸಾಲದೆ ಇಡೀ ಬಾಡಿಯನ್ನೇ ಚಾಸಿಯಿಂದ (ಅಡಿಯ ಚೌಕಟ್ಟಿನಿಂದ) ಮೇಲೆತ್ತುವುದುಂಟು. ಆದ್ದರಿಂದ ಇಲ್ಲಿ ಭಾಗದ ಬೆಲೆ ಕೇಳಿದರೆ ಸಾಲದು, ಲೇಬರ್ ಎಷ್ಟು ಅಂತ ಮೊದಲು ಕೇಳಬೇಕು.

ಗಾಡಿಯನ್ನು ಲಿಫ್ಟ್‌ಗೆ ಏರಿಸದೆ ಯಾವ ಮಾತೂ ಕೊಡಬೇಡಿ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಹೊಕ್ಕಿದೆ. ಮಂಗಳೂರು ಕಡೆಯ ಗಾಡಿಯಾದರೆ ಚಾಸಿಯ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಸೀಟ್ ಹಳಿಯ ಸಂದಿಯಲ್ಲಿ ಒಣಗಿದ ಕೆಸರು, ಕಾರ್ಪೆಟ್ ಕೆಳಗೆ ಮುಗ್ಗಲು ವಾಸನೆ ಇದ್ದರೆ ನೆರೆಯಲ್ಲಿ ಮುಳುಗಿದ್ದು. ಇಷ್ಟು ಎಲೆಕ್ಟ್ರಾನಿಕ್ಸ್ ಇರುವ ಗಾಡಿಯಲ್ಲಿ ಅದು ತೀರದ ತಲೆನೋವು, ಎಷ್ಟು ಇಳಿಸಿಕೊಟ್ಟರೂ ಬೇಡ.

ಕೊಂಡ ಮೇಲೆ ವರ್ಷಕ್ಕೆ ಕೊಟ್ಟ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ರಿಪೇರಿಗೆಂದು ಬೇರೆ ಇಡಿ ಎಂದು ನಾನು ಹೇಳುತ್ತೇನೆ. ಮೊದಲ ವರ್ಷ ಅದಕ್ಕಿಂತ ಜಾಸ್ತಿ, ಏಕೆಂದರೆ ಹಿಂದಿನವನು ಮುಂದೂಡಿದ ಕೆಲಸಗಳೆಲ್ಲ ಆಗಲೇ ಎದ್ದುಬರುವುದು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಗಾಡಿಯ ಜೊತೆ ಬರುವುದಿಲ್ಲ, ಆ ವ್ಯತ್ಯಾಸದ ಪ್ರೀಮಿಯಂ ನಿಮ್ಮ ಜೇಬಿನಿಂದಲೇ ಹೋಗಬೇಕು.