ಮಂಗಳೂರು–ದುಬೈ: ದೂರ ಒಂದೇ, ಹೊತ್ತು ಮಾತ್ರ ಬೇರೆ ಬೇರೆ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಗಲ್ಫ್‌ನ ನಂಟು ಇಲ್ಲದ ಊರು ಸಿಗುವುದು ಕಷ್ಟ. ಆದರೂ ‘ದುಬೈಗೆ ಎಷ್ಟು ಹೊತ್ತು?’ ಎಂದು ಕೇಳಿ ನೋಡಿ. ಒಬ್ಬರು ಎರಡೂಕಾಲು ಗಂಟೆ ಅನ್ನುತ್ತಾರೆ, ಇನ್ನೊಬ್ಬರು ಮೂರೂಮುಕ್ಕಾಲು. ಊರಿಗೆ ಬಂದಿಳಿದವರು ಐದು ಗಂಟೆ ಅಂದರೂ ಆಶ್ಚರ್ಯವಿಲ್ಲ.

ಇದರಲ್ಲಿ ಅರ್ಧ ಗೊಂದಲ ಗಡಿಯಾರದ್ದು. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ರಾತ್ರಿ 8ಕ್ಕೆ ಹೊರಟು ಅಲ್ಲಿ 10.15ಕ್ಕೆ ಇಳಿದರೆ, ನಿಜವಾಗಿ ಕಳೆದದ್ದು 3 ಗಂಟೆ 45 ನಿಮಿಷ. ಅಲ್ಲಿಂದ ರಾತ್ರಿ 11ಕ್ಕೆ ಹೊರಟು ಇಲ್ಲಿ ಬೆಳಗಿನ 4ಕ್ಕೆ ಬಂದರೆ ಕಳೆದದ್ದು ಮೂರೂವರೆ ಗಂಟೆ, ಐದಲ್ಲ.

ಗಡಿಯಾರವನ್ನು ಸರಿಮಾಡಿಕೊಂಡ ಮೇಲೂ ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ. ಯಾಕೆ? ನನಗೆ ತುಂಬಾ ಇಷ್ಟವಾದ ಭಾಗ ಇದು.

ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 2460 ಕಿ.ಮೀ. ನೇರ ಅಂದರೆ ಭೂಮಿಯ ಉಬ್ಬಿನ ಮೇಲಿನ ಅತಿ ಹತ್ತಿರದ ದಾರಿ. ಅದರಲ್ಲೇ ಹೋಗುವ ವಿಮಾನ ವಾಯವ್ಯಕ್ಕೆ ಮುಖ ಮಾಡಿ ಹೊರಟು, ದುಬೈ ಮುಟ್ಟುವಷ್ಟರಲ್ಲಿ ಆರು ಡಿಗ್ರಿಯಷ್ಟು ಎಡಕ್ಕೆ ತಿರುಗಿರುತ್ತದೆ. ಮುಖ ಬದಲಿಸದೆ ಹೋದರೂ ಹೆಚ್ಚಾಗುವುದು ಒಂದೆರಡು ಕಿ.ಮೀ. ಅಷ್ಟೇ. ಹಾಗಾಗಿ ಇಲ್ಲಿ ಆಟವಾಡುವುದು ದೂರವಲ್ಲ, ಗಾಳಿ.

ವಿಮಾನದ ವೇಗ ಅಂದರೆ ಗಾಳಿಯೊಳಗೆ ಅದು ಸಾಗುವ ವೇಗ. ಗಾಳಿಯೇ ಸರಿಯುತ್ತಿದ್ದರೆ ವಿಮಾನವೂ ಅದರ ಜೊತೆ ಸರಿಯುತ್ತದೆ, ಹೊಳೆಯಲ್ಲಿ ದೋಣಿ ಹೋದ ಹಾಗೆ. ಗಂಟೆಗೆ 840 ಕಿ.ಮೀ. ವೇಗದಲ್ಲಿ ಈ ದಾರಿಗೆ 2 ಗಂಟೆ 56 ನಿಮಿಷ ಬೇಕು. 80 ಕಿ.ಮೀ. ಎದುರುಗಾಳಿ ಇದ್ದರೆ 3 ಗಂಟೆ 14 ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 2 ಗಂಟೆ 40 ನಿಮಿಷ. ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ! ಏರುವುದು, ಇಳಿಯುವುದು, ನೆಲದ ಮೇಲೆ ಓಡಾಡುವುದು ಎಲ್ಲ ಸೇರಿ ಟಿಕೆಟ್‌ನ ಲೆಕ್ಕ ಆಗುತ್ತದೆ.

ಚಳಿಗಾಲದಲ್ಲಿ ಉತ್ತರ ಭಾರತ, ಗಲ್ಫ್‌ಗಳ ಮೇಲೆ ಸುಮಾರು 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪಟ್ಟಿ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ದುಬೈ ಹತ್ತಿರವಾದಂತೆ ವಿಮಾನಕ್ಕೆ ಅದು ಎದುರಾಗುತ್ತದೆ. ಊರಿಗೆ ಬರುವವರನ್ನು ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ.

ಮಳೆಗಾಲದಲ್ಲಿ ಕತೆ ತಿರುಗುತ್ತದೆ. ಜುಲೈಯಲ್ಲಿ ನಮ್ಮ ತೆಂಗಿನ ಗರಿಗಳನ್ನು ಬಾಗಿಸುವ ಗಾಳಿ ಕಡಲಿನಿಂದ, ನೈರುತ್ಯ–ಪಶ್ಚಿಮದ ಕಡೆಯಿಂದ ಬರುತ್ತದೆ. ಅದೇ ಹೊತ್ತಿಗೆ ನೆತ್ತಿಯ ಮೇಲೆ 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಜೆಟ್ ಓಡುತ್ತಿರುತ್ತದೆ. ಬಿಸಿಯೇರಿದ ಟಿಬೆಟ್ ಪ್ರಸ್ಥಭೂಮಿಯ ಕಡೆ ಮೇಲಿನ ಗಾಳಿ ಬೆಚ್ಚಗೆ, ದಕ್ಷಿಣದ ಸಾಗರದ ಮೇಲೆ ಅಷ್ಟಿಲ್ಲ. ಈ ವ್ಯತ್ಯಾಸವೇ ಅದನ್ನು ಓಡಿಸುವುದು. ಈ ಪೂರ್ವದ ಜೆಟ್ ಬಗ್ಗೆ ನಮ್ಮದೇ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ 1958ರಲ್ಲಿ ವಿವರವಾಗಿ ಬರೆದರು. ಶಾಲೆಯಲ್ಲಿ ಮುಂಗಾರು ಕಲಿಸುವಾಗ ಈ ಹೆಸರನ್ನೂ ಹೇಳಬೇಕು ಎಂದು ನನ್ನ ಆಸೆ.

ವಿಮಾನಗಳು ಹಾರುವುದು 10–12 ಕಿ.ಮೀ. ಎತ್ತರದಲ್ಲಿ, ಆ ಜೆಟ್‌ನ ನಡುಭಾಗಕ್ಕಿಂತ ಕೆಳಗೆ. ಅಲ್ಲಿಯೂ ಆಗ ಗಾಳಿ ಹೆಚ್ಚಾಗಿ ಪೂರ್ವದ್ದೇ. ಹಾಗಾಗಿ ಜುಲೈಯಲ್ಲಿ ಬಜ್ಪೆಯಿಂದ ಏರುವ ವಿಮಾನ ಮೊದಲು ಮಳೆಗಾಳಿಗೆ ಎದೆಯೊಡ್ಡುತ್ತದೆ. ಮೋಡ ದಾಟಿ ಮೇಲೇರಿದ ಮೇಲೆ, ಅರಬ್ಬೀ ಸಮುದ್ರದ ಅರ್ಧ ದಾರಿಯವರೆಗಾದರೂ ಗಾಳಿ ಅದರ ಬೆನ್ನಿಗಿರುತ್ತದೆ.